ಶಿವಮೊಗ್ಗದ ಒಂದು ಲಾಫ್ಟ್ ಮನೆ: ಮಳೆಗಾಲ ಕಂಡ ಮೇಲೆ ಮತ್ತೆ ಮಾಡಿದ ಒಳಾಂಗಣ

ಪುಷ್ಯ ಮಳೆ ಹಿಡಿದು ನಾಲ್ಕನೇ ದಿನ ತಮ್ಮ ಫೋನ್ ಮಾಡಿದ. "ಅಕ್ಕಾ, ಒಂದ್ಸಲ ಮನೆಗೆ ಬಂದು ಹೋಗು, ವಾರ್ಡ್‌ರೋಬ್ ಒಳಗೆ ಏನೋ ಆಗಿದೆ" ಅಂದ. ಹೋಗಿ ಬಾಗಿಲು ತೆಗೆದೆ. ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ರೇಷ್ಮೆ ಸೀರೆಗಳ ಮಡಿಕೆ ಮೇಲೆ ಬಿಳಿ ಚುಕ್ಕೆಗಳು, ಚರ್ಮದ ಬೆಲ್ಟಿನ ಮೇಲೆ ಹಸಿರು ಬೂಷ್ಟು, ಹಿಂದಿನ ಹಲಗೆ ನೀರು ಕುಡಿದು ಉಬ್ಬಿತ್ತು. ಗೃಹಪ್ರವೇಶ ಆಗಿ ಆಗಿನ್ನೂ ಐದು ತಿಂಗಳು.

ನಾನು ಶಿವಮೊಗ್ಗದಲ್ಲಿ ಹನ್ನೊಂದು ವರ್ಷದಿಂದ ಮನೆಗಳ ಒಳಾಂಗಣದ ಕೆಲಸ ಮಾಡುತ್ತಿದ್ದೇನೆ. ಈ ಮನೆಯನ್ನು ಮೊದಲು ಸಜ್ಜು ಮಾಡಿದವಳು ನಾನಲ್ಲ. ಬೆಂಗಳೂರಿನ ಒಂದು ಕಂಪನಿ ಚಿತ್ರ ತೋರಿಸಿ, ನಲವತ್ತೈದು ದಿನದಲ್ಲಿ ಮುಗಿಸಿ ಕೊಟ್ಟು ಹೋಗಿತ್ತು. ಅದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಏನು ಕೆಟ್ಟಿತ್ತು, ಏಕೆ ಕೆಟ್ಟಿತು, ನಾವು ಏನು ಮಾಡಿದೆವು, ನಾನು ಎಲ್ಲಿ ತಪ್ಪಿದೆ ಅನ್ನೋದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಇಂಥ ಮನೆ ತೆಗೆದುಕೊಂಡವರಿಗೆ ಉಪಯೋಗ ಆಗಲಿ ಅಂತ.

ಮನೆ ಹೇಗಿದೆ

ತುಂಗೆಯ ಕಡೆಗೆ ಮುಖ ಮಾಡಿದ ಕಟ್ಟಡದ ಕೊನೆಯ ಮಹಡಿ. ಹಾಲ್ 24 ಅಡಿ ಉದ್ದ, 14 ಅಡಿ ಅಗಲ, ಎತ್ತರ ಹದಿನಾರೂವರೆ ಅಡಿ. ಅದರ ಅರ್ಧ ಭಾಗದ ಮೇಲೆ ಕಬ್ಬಿಣದ ತೊಲೆ ಇಟ್ಟು 12 ಅಡಿಗೆ 14 ಅಡಿಯ ಒಂದು ಅಟ್ಟ ಮಾಡಿದ್ದಾರೆ. ಮಲಗುವುದು ಅಲ್ಲಿ. ಅಟ್ಟಕ್ಕೆ ಹಾಲ್ ಕಡೆಗೆ ಗೋಡೆ ಇಲ್ಲ, ಬರೀ ಕಟಕಟೆ. ಪಶ್ಚಿಮಕ್ಕೆ ನೆಲದಿಂದ 14 ಅಡಿವರೆಗೂ ಗಾಜು, ಅದರ ಪಕ್ಕ ಒಂದು ದೊಡ್ಡ ಗೋಡೆ. ಕೆಳಗೆ ಅಮ್ಮನಿಗೆ ಒಂದು ಪುಟ್ಟ ಕೋಣೆ. ಇರುವವರು ತಮ್ಮ, ಅವನ ಹೆಂಡತಿ, ಆರು ವರ್ಷದ ಮಗಳು, ತೀರ್ಥಹಳ್ಳಿ ಕಡೆಯ ಹಳೆ ಮನೆ ಬಿಟ್ಟು ಬಂದ ಅಮ್ಮ.

ಹೀಗೆ ಎತ್ತರದ ಒಂದೇ ಹಾಲ್, ಅದರಲ್ಲೊಂದು ತೆರೆದ ಅಟ್ಟ ಇರುವ ಲಾಫ್ಟ್ ಅನ್ನೋ ಮನೆಯ ರೂಪ ಹುಟ್ಟಿದ್ದು ನ್ಯೂಯಾರ್ಕ್‌ನ ಸೋಹೋ ಥರದ ಜಾಗಗಳಲ್ಲಿ. ಅಲ್ಲಿ ಕಾರ್ಖಾನೆಗಳು ಖಾಲಿಯಾದಾಗ ಕಲಾವಿದರು ಆ ಎತ್ತರದ ಹಾಲ್‌ಗಳನ್ನು ಕಡಿಮೆ ಬಾಡಿಗೆಗೆ ಹಿಡಿದು, ಅಲ್ಲೇ ಕೆಲಸ ಮಾಡುತ್ತಾ ಅಲ್ಲೇ ಮಲಗುತ್ತಿದ್ದರು. 1971ರಲ್ಲಿ ಸೋಹೋದಲ್ಲಿ ಕಲಾವಿದರ ವಾಸಕ್ಕೆ ನಗರದ ಒಪ್ಪಿಗೆ ಸಿಕ್ಕಿತು, 1982ರಲ್ಲಿ ಲಾಫ್ಟ್‌ಗಳ ಬಗ್ಗೆಯೇ ಒಂದು ಕಾನೂನು ಬಂತು. ಕಾಣುವ ಇಟ್ಟಿಗೆ, ಕಬ್ಬಿಣದ ಕಂಬ, ಗೋಡೆಯಗಲದ ಕಿಟಕಿ ಎಲ್ಲ ಆ ಕಾರ್ಖಾನೆಗಳಲ್ಲಿ ಮೊದಲೇ ಇದ್ದವು. ಯಾರೂ ಅಂದಕ್ಕೆ ಅಂತ ತಂದು ಅಂಟಿಸಿದ್ದಲ್ಲ.

ಅಟ್ಟ ನಮಗೇನು ಹೊಸದಲ್ಲ ಅಲ್ವಾ. ನಮ್ಮ ಹಳೆ ಮನೆಯಲ್ಲಿ ಮೆತ್ತು ಇತ್ತು, ಅಡುಗೆಮನೆ ಮೇಲೆ ಅಟ್ಟ ಇತ್ತು. ಒಲೆಯ ಹೊಗೆ ಹಲಗೆಗಳ ಸಂದಿನಿಂದ ಏರಿ ಹಂಚಿನ ಸಂದಿನಿಂದ ಹೊರಗೆ ಹೋಗುತ್ತಿತ್ತು. ಅಡಿಕೆ ಮೂಟೆ, ಬೀಜದ ಭತ್ತ, ಹಲಸಿನ ಹಪ್ಪಳದ ಡಬ್ಬಿ, ಕಂಬಳಿ ಎಲ್ಲ ಅಲ್ಲೇ. ಹೊರಗೆ ಎಂಥ ಮಳೆ ಹೊಡೆದರೂ ಅಟ್ಟದ ಸಾಮಾನು ಬೆಚ್ಚಗೆ ಇರುತ್ತಿತ್ತು, ಯಾಕೆಂದರೆ ಕೆಳಗಿಂದ ಬಿಸಿ ಬರುತ್ತಿತ್ತು, ಮೇಲಿಂದ ಗಾಳಿ ಹೋಗುತ್ತಿತ್ತು. ತಮ್ಮನ ಅಟ್ಟದಲ್ಲಿ ಬಿಸಿ ಬರುತ್ತದೆ, ಹೋಗೋಕೆ ದಾರಿ ಇಲ್ಲ. ಈ ಪ್ರಕರಣದ ಮುಕ್ಕಾಲು ಭಾಗ ಇಷ್ಟೇ.

ಮೊದಲು ಏನೇನು ಇಟ್ಟಿದ್ದರು

ಎಲ್ಲ ಬೂದು ಬಣ್ಣ. ಪಶ್ಚಿಮದ ಗೋಡೆಗೆ ಇಟ್ಟಿಗೆ ಥರ ಕಾಣುವ ಫೋಮ್ ಹಾಳೆ ಅಂಟಿಸಿದ್ದರು. ಅದರ ಮುಂದೆ ಚರ್ಮದ ಸೋಫಾ, ನೆಲಕ್ಕೆ ದಪ್ಪ ಕಾರ್ಪೆಟ್. ಅಟ್ಟದ ಮೇಲೆ ಅದೇ ಪಶ್ಚಿಮದ ಗೋಡೆಗೆ ಒತ್ತಿ, ನೆಲದಿಂದ ಚಾವಣಿವರೆಗೆ ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬ್. ಅಟ್ಟದ ನಡುವೆ ಅಪ್ಪಯ್ಯನ ಪುಸ್ತಕಗಳಿಗೆ ಅಂತ 8 ಅಡಿ ಉದ್ದದ ಕಪಾಟು. ಹತ್ತೋಕೆ ಹನ್ನೊಂದು ಮೆಟ್ಟಿಲಿನ ಕಬ್ಬಿಣದ ಏಣಿಯಂಥದ್ದು.

ಚಿತ್ರದಲ್ಲಿ ಚೆನ್ನಾಗಿಯೇ ಕಂಡಿತ್ತು, ಅದನ್ನು ಒಪ್ಪಿಕೊಳ್ಳಬೇಕು. ತಮ್ಮನ ಹೆಂಡತಿ ಆಸೆಪಟ್ಟು ಆರಿಸಿದ್ದಳು. "ಅತ್ತಿಗೆ, ನಾನೇ ಹಾಳು ಮಾಡಿದೆ ಅಂತ ಅನ್ಕೋಬೇಡಿ" ಅಂತ ಅವಳು ಅವತ್ತು ಕಣ್ಣಲ್ಲಿ ನೀರು ತಂದುಕೊಂಡಳು. ಅವಳು ಹುಟ್ಟಿ ಬೆಳೆದದ್ದು ಚಿತ್ರದುರ್ಗದ ಕಡೆ. ಗೋಡೆ ಬೆವರುತ್ತದೆ ಅಂತ ಅವಳಿಗೆ ಯಾರು ಹೇಳಬೇಕಿತ್ತು? ಹೇಳಬೇಕಾದವರು ಮನೆ ಮಾಡಿಕೊಟ್ಟವರು.

ಅಳತೆ ತೆಗೆದದ್ದು

ನಾನು ಯಾವುದನ್ನೂ ಬಿಚ್ಚುವ ಮೊದಲು ಹತ್ತು ದಿನ ಅಳೆದೆ. ಗಾಳಿಯ ತೇವ ತೋರಿಸುವ ಚಿಕ್ಕ ಮೀಟರ್ ಸಿಗುತ್ತದೆ, ಹೈಗ್ರೋಮೀಟರ್ ಅಂತ, ದುಬಾರಿಯಲ್ಲ. ಅಂಥ ಮೂರು ತಂದು ಹಾಲ್‌ನಲ್ಲಿ ಒಂದು, ಅಟ್ಟದಲ್ಲಿ ಒಂದು, ವಾರ್ಡ್‌ರೋಬಿನ ಒಳಗೆ ಒಂದು ಇಟ್ಟೆ. ಹಾಲ್‌ನಲ್ಲಿ 82 ಶೇಕಡಾ, ಅಟ್ಟದಲ್ಲಿ 80, ವಾರ್ಡ್‌ರೋಬಿನ ಒಳಗೆ 91. ತೇವ 70 ದಾಟಿ ದಿನಗಟ್ಟಲೆ ನಿಂತರೆ ಬಟ್ಟೆ, ಚರ್ಮ, ಮರ ಎಲ್ಲದರ ಮೇಲೂ ಬೂಷ್ಟು ಬೆಳೆಯೋಕೆ ಶುರುವಾಗುತ್ತದೆ. 91 ಅಂದರೆ ಅದಕ್ಕೆ ಹಬ್ಬ.

ಆಮೇಲೆ ಗೋಡೆಯ ಪರೀಕ್ಷೆ. ಫೋಮ್ ಹಾಳೆಯ ಒಂದು ತುಂಡು ಕಿತ್ತೆ, ಹಿಂದೆ ಗೋಡೆ ಕರ್ರಗೆ ಆಗಿತ್ತು. ಅಲ್ಲಿ ಒರೆಸಿ, ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಟ್ಟೆ. ನೀರಿನ ಹನಿ ಹಾಳೆಯ ಹೊರಮೈ ಮೇಲೆ ಕೂತರೆ ತೇವ ಕೋಣೆಯ ಗಾಳಿಯದ್ದು, ಒಳಮೈಯಲ್ಲಿ ಗೋಡೆ ಕಡೆಗೆ ಕೂತರೆ ತೇವ ಗೋಡೆಯಿಂದಲೇ ಬರುತ್ತಿದೆ. ಇಲ್ಲಿ ಒಳಮೈಯಲ್ಲಿ ಕೂತಿತ್ತು. ಮುಂಗಾರಿನ ಗಾಳಿ ಬರೋದೇ ಪಶ್ಚಿಮದಿಂದ, ಜುಲೈ ತಿಂಗಳಿಡೀ ಮಳೆ ಆ ಗೋಡೆಗೇ ಹೊಡೆಯುತ್ತದೆ. ಹೊರಗಿನ ಗಾರೆಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ನಮ್ಮ ಹಿರಿಯರು ಮಳೆ ಬೀಳುವ ಮೊದಲೇ ಆ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಅಂಥ ಗೋಡೆಗೇ ನಾವು ಬಟ್ಟೆಯ ಬೀರು ಒತ್ತಿ ಇಟ್ಟಿದ್ದೆವು!

ಪುಸ್ತಕದ ಕಪಾಟಿನದು ಬೇರೆ ಕಥೆ, ಬೂಷ್ಟಿಗಿಂತ ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ವಾಸದ ಕೋಣೆಯ ನೆಲವನ್ನು ಸಾಮಾನ್ಯವಾಗಿ ಒಂದು ಚದರ ಮೀಟರಿಗೆ 200 ಕೆಜಿ ಲೆಕ್ಕದಲ್ಲಿ ಕಟ್ಟುತ್ತಾರೆ, ಅಂದರೆ ಚದರಡಿಗೆ ಹತ್ತಿರ ಹತ್ತಿರ 19 ಕೆಜಿ. ಪುಸ್ತಕ ಒಂದು ಅಡಿ ಉದ್ದಕ್ಕೆ ಸುಮಾರು 10 ಕೆಜಿ ತೂಗುತ್ತದೆ. ಆರು ಸಾಲು, ಸಾಲಿಗೆ 8 ಅಡಿ, ಒಟ್ಟು 48 ಅಡಿ. 480 ಕೆಜಿ ಬರೀ 8 ಚದರಡಿ ಮೇಲೆ ಕೂತಿತ್ತು, ಚದರಡಿಗೆ 60 ಕೆಜಿ. ಗ್ರಂಥಾಲಯದ ಕಪಾಟು ಇಡುವ ಕೋಣೆಗೆ ನಮ್ಮ ದೇಶದ ಮಾನದಂಡ ಚದರ ಮೀಟರಿಗೆ 600 ಕೆಜಿ ಕೇಳುವುದು ಸುಮ್ನೆ ಅಲ್ಲ. ಕಟ್ಟಡದ ಎಂಜಿನಿಯರ್ ಒಬ್ಬರನ್ನು ಕರೆಸಿದೆ. ಅವರು ತೊಲೆಗಳನ್ನು ನೋಡಿ, ನಡುವೆ ಕೂತ ಕಪಾಟನ್ನು ಅವತ್ತೇ ಖಾಲಿ ಮಾಡಿಸಿದರು. ನಾವೆಲ್ಲ ಸೇರಿ ರಾತ್ರಿ ಹನ್ನೊಂದರವರೆಗೆ ಪುಸ್ತಕ ಇಳಿಸಿದೆವು.

ಮೆಟ್ಟಿಲು ಅಳೆದೆ. ನೆಲದಿಂದ ಅಟ್ಟಕ್ಕೆ ಎಂಟೂವರೆ ಅಡಿ, 2590 ಮಿಲಿಮೀಟರ್. ಅದನ್ನು ಹನ್ನೊಂದರಲ್ಲಿ ಭಾಗಿಸಿದರೆ ಒಂದೊಂದು ಮೆಟ್ಟಿಲು 235 ಮಿಲಿಮೀಟರ್, ಒಂಬತ್ತೂಕಾಲು ಇಂಚು. ಮನೆಯ ಮೆಟ್ಟಿಲು 190 ಮಿಲಿಮೀಟರ್ ದಾಟಬಾರದು, ಕಾಲಿಡುವ ಜಾಗ 250ಕ್ಕಿಂತ ಕಡಿಮೆ ಇರಬಾರದು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಅಮ್ಮ ಐದು ತಿಂಗಳಲ್ಲಿ ಒಂದೇ ಸಲ ಮೇಲೆ ಹೋಗಿದ್ದರಂತೆ. "ಎಂಥ ಮಾರಾಯ್ತಿ ಇದು, ತೆಂಗಿನ ಮರ ಹತ್ತಿದ ಹಾಗೆ ಆಗ್ತದೆ" ಅಂದರು.

ಮತ್ತೆ ಕಟ್ಟಿದ್ದು

ಮಳೆಯಲ್ಲಿ ಗೋಡೆ ಕೆಲಸ ಮಾಡೋಕಾಗುವುದಿಲ್ಲ. ಫೋಮ್ ಹಾಳೆ, ಕಾರ್ಪೆಟ್, ವಾರ್ಡ್‌ರೋಬ್ ಮೂರನ್ನೂ ತೆಗೆಸಿ, ಗೋಡೆ ಒಣಗಲಿ ಅಂತ ಬಿಟ್ಟು, ಕೆಲಸ ಶುರು ಮಾಡಿದ್ದು ಅಕ್ಟೋಬರ್ ಕೊನೆಗೆ. ಹೊರಗೆ ಬಿರುಕು ತುಂಬಿಸಿ ಮಳೆ ತಡೆಯುವ ಬಣ್ಣ ಹೊಡೆಸಿದೆವು. ಒಳಗೆ ಹಳೆ ಬಣ್ಣವನ್ನು ಗಾರೆ ಕಾಣುವವರೆಗೆ ಕೆರೆಸಿ, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಒರೆಸಿ, ಮೂರು ಕೋಟ್ ಸುಣ್ಣ. ಪ್ಲಾಸ್ಟಿಕ್ ಬಣ್ಣ ಗೋಡೆಯ ಬಾಯಿ ಮುಚ್ಚುತ್ತದೆ, ಸುಣ್ಣ ಉಸಿರಾಡಲು ಬಿಡುತ್ತದೆ, ಜೊತೆಗೆ ಅದರ ಕ್ಷಾರ ಗುಣಕ್ಕೆ ಬೂಷ್ಟು ಬೇಗ ಹತ್ತಿರ ಬರುವುದಿಲ್ಲ. ಒಂದು ಮಾತು ನೆನಪಿರಲಿ, ಹಳೆ ಬಣ್ಣದ ಮೇಲೆಯೇ ಸುಣ್ಣ ಬಳಿದರೆ ಅದು ಹಿಡಿಯುವುದಿಲ್ಲ, ಉದುರುತ್ತದೆ. ಕೆರೆಯಲೇಬೇಕು.

ವಾರ್ಡ್‌ರೋಬ್ ಈಗ ಒಳಗಿನ ಗೋಡೆಗೆ ಬಂದಿದೆ. ಗೋಡೆಯಿಂದ ಎರಡು ಇಂಚು ಬಿಟ್ಟು, ಆರು ಇಂಚಿನ ಸ್ಟೀಲ್ ಕಾಲಿನ ಮೇಲೆ, ಚಾವಣಿಗೆ ಒಂದೂವರೆ ಅಡಿ ಕೆಳಗೆ ನಿಂತಿದೆ. ಬಾಗಿಲಿಗೆ ಅಡ್ಡಪಟ್ಟಿ ಇಟ್ಟು ಗಾಳಿ ಆಡುವ ಹಾಗೆ ಮಾಡಿದ್ದೇವೆ. ಬೆತ್ತದ ಹೆಣಿಗೆ ಹಾಕಿಸೋಣ ಅಂತ ತಮ್ಮನ ಹೆಂಡತಿ ಕೇಳಿದಳು, ನಾನು ಬೇಡ ಅಂದೆ, ನಮ್ಮ ಮಳೆಗೆ ಬೆತ್ತಕ್ಕೂ ಬೂಷ್ಟು ಬರುತ್ತದೆ. ಪ್ಲೈವುಡ್ 710 ಗ್ರೇಡ್. ಅಂಗಡಿಯಲ್ಲಿ "ವಾಟರ್‌ಪ್ರೂಫ್" ಅಂತ ಏನನ್ನೋ ಕೊಡುತ್ತಾರೆ, ಹಲಗೆ ಮೇಲೆ ಐಎಸ್ 710 ಅಂತ ಮುದ್ರೆ ಇದೆಯಾ ನೋಡಿ. ಆ ದರ್ಜೆಯದ್ದನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪದರ ಬಿಡುತ್ತದಾ ಅಂತ ಪರೀಕ್ಷಿಸಿರುತ್ತಾರೆ. ಇಷ್ಟಾದರೂ ಕತ್ತರಿಸಿದ ಅಂಚು ತೆರೆದು ಬಿಟ್ಟರೆ ತೇವ ಅಲ್ಲಿಂದಲೇ ನುಗ್ಗುತ್ತದೆ. ನಮ್ಮ ಆಚಾರ್ರು ಸ್ಕ್ರೂ ಹಾಕಿದ ತೂತಿಗೂ ಸೀಲರ್ ಬಳಿದರು, ನಾನು ಹೇಳದೇ.

ಚರ್ಮದ ಸೋಫಾ ಬೆಂಗಳೂರಿನ ಗೆಳೆಯನ ಮನೆಗೆ ಹೋಯಿತು. ಅದರ ಜಾಗಕ್ಕೆ ಸಾಗುವಾನಿ ಚೌಕಟ್ಟು, ಹತ್ತಿ ತುಂಬಿದ ದಿಂಬು. ಕವರ್ ಬಿಚ್ಚಿ ಒಗೆಯಬಹುದು, ಬಿಸಿಲು ಬಿದ್ದ ದಿನ ದಿಂಬನ್ನು ಹೊತ್ತು ಹೋಗಿ ಒಣಗಿಸಬಹುದು. ಮಲೆನಾಡಿನಲ್ಲಿ ಹೊತ್ತೊಯ್ದು ಒಣಗಿಸಲು ಆಗದ ಯಾವ ಕೂರುವ ಸಾಮಾನನ್ನೂ ನಾನು ಇನ್ನು ಯಾರ ಮನೆಗೂ ಹೇಳುವುದಿಲ್ಲ. ಕವರಿಗೆ, ಕಿಟಕಿಯ ಕೆಳಗಿನ ಎಂಟು ಅಡಿಯ ಪರದೆಗೆ ಹೆಗ್ಗೋಡಿನ ಕಡೆಯ ಚರಕ ಅನ್ನೋ ಸಹಕಾರ ಸಂಘದ ಕೈಮಗ್ಗದ ಬಟ್ಟೆ ತಂದೆವು. ಅಡಿಕೆ ಬೇಯಿಸಿ ಉಳಿದ ಚೊಗರಿನಲ್ಲಿ ಅದ್ದಿದ ಆ ಕೆಂಗಂದು ಬಣ್ಣ ಸುಣ್ಣದ ಬಿಳಿ ಗೋಡೆ ಎದುರು ಎಷ್ಟು ಚೆನ್ನಾಗಿ ಕೂತಿದೆ ಅಂದರೆ, ಬೇರೆ ಬಣ್ಣ ಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಈಗ ಮೆಟ್ಟಿಲು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಹದಿನಾಲ್ಕು ಏರು ಮಾಡಿದರೆ ಒಂದೊಂದು 185 ಮಿಲಿಮೀಟರ್ ಆಗುತ್ತದೆ, ಅಮ್ಮನ ಮಂಡಿಗೆ ಸಾಧ್ಯ. ಆದರೆ ನೇರವಾಗಿ ಕಟ್ಟಿದರೆ ಹಾಲ್‌ನ ಹತ್ತಡಿಗೂ ಮೇಲೆ ಉದ್ದ ಅದಕ್ಕೇ ಹೋಗುತ್ತದೆ. ಅದಕ್ಕೆ ಏಳು ಏರು, ಒಂದು ತಂಗುಕಟ್ಟೆ, ಅಲ್ಲಿ ತಿರುಗಿ ಇನ್ನೇಳು ಏರು ಮಾಡಿದೆವು. ಕಬ್ಬಿಣದ ಚೌಕಟ್ಟು ಸಿದ್ಧವಾಯಿತು, ಕಾಲಿಡುವ ಹಲಗೆಗೆ ಯಾವ ಮರ ಅಂತ ಯೋಚಿಸುತ್ತಿರುವಾಗ ಅಮ್ಮನೇ ಕೇಳಿದರು, "ಊರಲ್ಲಿ ಪತ್ತಾಯ ಸುಮ್ನೆ ಬಿದ್ದಿದೆಯಲ್ಲ, ಅದರ ಹಲಗೆ ಆಗೂದಿಲ್ವ?" ಭತ್ತ ತುಂಬುತ್ತಿದ್ದ ಪತ್ತಾಯ, ಹಲಸಿನ ಮರದ್ದು. ನಾನೂ ಆಚಾರ್ರೂ ಹೋಗಿ ನೋಡಿದೆವು. ತಳದ ಹಲಗೆಗೆ ಒರಲೆ ಹಿಡಿದಿತ್ತು, ಪಕ್ಕದವು ಗಟ್ಟಿಯಾಗಿದ್ದವು. ಆಚಾರ್ರು ಉಳಿ ತೆಗೆದು ಒಂದು ಮೂಲೆ ಕೆತ್ತಿದರು, ಒಳಗೆ ಹಳದಿ ಹಾಗೇ ಇತ್ತು. "ಅಮ್ಮಾ, ಇಂಥದ್ದು ಈಗ ದುಡ್ಡು ಕೊಟ್ಟರೂ ಸಿಗೂದಿಲ್ಲ" ಅಂದರು. ಹನ್ನೆರಡು ಹಲಗೆ ಬೇಕಿತ್ತು, ಹತ್ತು ಪತ್ತಾಯದಿಂದಲೇ ಬಂದವು, ಎರಡು ಹೊಸದಾಗಿ ಕೊಂಡೆವು. ತಂಗುಕಟ್ಟೆಯ ಕೆಳಗೆ ಎಳೆಯುವ ಖಾನೆಗಳು. ಅಮ್ಮ ಈಗ ದಿನಾ ಸಂಜೆ ಮೇಲೆ ಹೋಗಿ ಮೊಮ್ಮಗಳ ಪಕ್ಕ ಕೂತು ಹೊಳೆ ನೋಡುತ್ತಾರೆ.

ಕಟಕಟೆಯಲ್ಲಿ ಅಡ್ಡ ಸರಳುಗಳಿದ್ದವು. ಮಕ್ಕಳಿಗೆ ಅದು ಏಣಿ. ತೆಗೆಸಿ ಉದ್ದ ಸರಳು ಹಾಕಿಸಿದೆ, ಸಂದು ನಾಲ್ಕು ಇಂಚಿಗಿಂತ ಕಡಿಮೆ.

ಫ್ಯಾನಿನ ವಿಷಯದಲ್ಲಿ ತಪ್ಪಿದ್ದು ನಾನು. ಗಾಳಿ ಅಟ್ಟಕ್ಕೂ ಸಿಗಲಿ ಅಂತ ಹಾಲ್‌ನ ಫ್ಯಾನನ್ನು ಉದ್ದದ ರಾಡಿಗೆ ಕಟ್ಟಿ, ಕಟಕಟೆಯಿಂದ ನಾಲ್ಕಡಿ ದೂರಕ್ಕೆ ತೂಗಿಸಿದ್ದೆ. 48 ಇಂಚಿನ ಫ್ಯಾನು, ಅಂದರೆ ರೆಕ್ಕೆಯ ತುದಿ ಕಟಕಟೆಗೆ ಬರೀ ಎರಡಡಿ. ಮಗು ಅಲ್ಲಿ ನಿಂತು ಟವೆಲ್ ಬೀಸುತ್ತಿದ್ದುದನ್ನು ಅಮ್ಮ ಕಂಡು ಕೂಗಿದರು. ಅವತ್ತೇ ಸ್ವಿಚ್ಚಿನ ಮೇಲೆ ಟೇಪ್ ಹಚ್ಚಿದೆ, ಮರುದಿನ ಫ್ಯಾನನ್ನು ಕಟಕಟೆಯಿಂದ ಆರಡಿ ದೂರಕ್ಕೆ, ತೆರೆದ ಭಾಗದ ನಡುವಿಗೆ ಸರಿಸಿದೆವು. ಅಟ್ಟಕ್ಕೆ ಗೋಡೆಯ ಫ್ಯಾನ್ ಹಾಕಿದೆವು. ಇಂಥ ಮನೆಯಲ್ಲಿ ಫ್ಯಾನಿನ ಎತ್ತರವನ್ನು ಕೆಳಗಿನ ನೆಲದಿಂದ ಮಾತ್ರ ಅಳೆದರೆ ಸಾಲದು, ಅಟ್ಟದಲ್ಲಿ ನಿಂತವರ ಕೈಯಿಂದಲೂ ಅಳೆಯಬೇಕು.

ಬೆಳಕಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹದಿನಾರು ಅಡಿ ಮೇಲೆ ದೀಪ ಹಾಕಿದರೆ ಬಲ್ಬ್ ಹೋದಾಗ ಬದಲಿಸಲು ಅಟ್ಟಣಿಗೆ ಕಟ್ಟಬೇಕು. ಎಲ್ಲ ದೀಪ ಕೈಗೆ ಎಟಕುವ ಎತ್ತರದಲ್ಲೇ ಇವೆ, 3000 ಕೆಲ್ವಿನ್‌ನ ಹಳದಿ ಬೆಳಕು.

ಪುಸ್ತಕಗಳು ಕೆಳಗೆ ಒಳಗೋಡೆಗೆ ಬಂದವು. ಪಶ್ಚಿಮದ ದೊಡ್ಡ ಗೋಡೆ ಖಾಲಿ ಉಳಿಯಿತು. ಅಲ್ಲಿ ಸಾಗರದ ಕಡೆಯ ಒಬ್ಬ ಹೆಂಗಸಿನ ಕೈಯಲ್ಲಿ ಹಸೆ ಚಿತ್ತಾರ ಬರೆಸಿದೆವು. ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಬರೆಯುವ ಚಿತ್ತಾರ ಅದು. ಕೆಮ್ಮಣ್ಣಿನ ನೆಲ, ಅಕ್ಕಿ ಹಿಟ್ಟಿನ ಬಿಳಿ ಗೆರೆ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಗೋಡೆ ಮೇಲೆ ನೇರ ಬರೆಸದೆ ಹಲಗೆ ಮೇಲೆ ಬರೆಸಿ, ಗೋಡೆಯಿಂದ ಒಂದಿಂಚು ಬಿಟ್ಟು ತೂಗುಹಾಕಿದ್ದೇವೆ. ಮಳೆಗಾಲದಲ್ಲಿ ಇಳಿಸಿ ಒಳಗಿಡಬಹುದು.

ಬೇಸಿಗೆ

ಸೆಕೆಯ ಕಥೆ ತಮ್ಮ ತಡವಾಗಿ ಹೇಳಿದ. ಮೊದಲ ಏಪ್ರಿಲ್‌ನಲ್ಲೇ ಅಟ್ಟದಲ್ಲಿ ಮಲಗೋಕೆ ಆಗದೆ ಏಸಿ ಹಾಕಿಸಿದ್ದರು, ಅದು ರಾತ್ರಿಯಿಡೀ ಓಡಿದರೂ ತಂಪು ನಿಲ್ಲುತ್ತಿರಲಿಲ್ಲ. ತಂಪು ಗಾಳಿ ಭಾರ, ಕಟಕಟೆಯ ಸಂದಿನಿಂದ ಸುರಿದು ಹಾಲ್‌ಗೆ ಇಳಿಯುತ್ತದೆ. ಬಿಸಿ ಗಾಳಿ ಹಗುರ, ಮೇಲೆಯೇ ಕೂರುತ್ತದೆ. ಜೊತೆಗೆ ಹಗಲಿಡೀ ಕಾದ ತಾರಸಿ ರಾತ್ರಿ ಒಂಬತ್ತಕ್ಕೂ ಬಿಸಿ ಕಾರುತ್ತದೆ.

ಹಳೆ ಅಟ್ಟದ ಹೊಗೆ ಹೋಗುತ್ತಿದ್ದ ಹಾಗೆ ಇಲ್ಲಿ ಬಿಸಿಗೆ ದಾರಿ ಮಾಡಿದೆವು. ಗಾಜಿನ ತುತ್ತತುದಿಯ ಒಂದು ಚೌಕ ತೆಗೆದು 9 ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಸಂಜೆ ಐದಕ್ಕೆ ಅದನ್ನು ಹಾಕಿ ಕೆಳಗಿನ ಪೂರ್ವದ ಕಿಟಕಿ ತೆಗೆದರೆ ಹೊಸ ಗಾಳಿ ಕೆಳಗಿಂದ ಬಂದು ಬಿಸಿಯನ್ನು ಹೊರಗೆ ತಳ್ಳುತ್ತದೆ. ಗಾಜಿನ ಹೊರಗೆ ಬಿದಿರಿನ ತಟ್ಟಿ ಇಳಿಬಿಟ್ಟೆವು. ಒಳಗಿನ ಪರದೆ ಬಿಸಿಲನ್ನು ಗಾಜು ದಾಟಿ ಬಂದ ಮೇಲೆ ತಡೆಯುತ್ತದೆ, ಹೊರಗಿನ ತಟ್ಟಿ ಬರುವ ಮೊದಲೇ ತಡೆಯುತ್ತದೆ. ತಾರಸಿ ಎಲ್ಲರದ್ದು, ಅದಕ್ಕೆ ಸಂಘದ ಒಪ್ಪಿಗೆ ಕೇಳಿ ನಮ್ಮ ತಲೆ ಮೇಲಿನ ಭಾಗಕ್ಕೆ ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ ಹೊಡೆಸಿದೆವು. ಏಸಿ ಹಾಕಿದಾಗ ಮಾತ್ರ ಎಳೆಯೋಕೆ ಕಟಕಟೆ ಉದ್ದಕ್ಕೂ ದಪ್ಪ ಪರದೆ. ಮುಂದಿನ ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಅಟ್ಟದಲ್ಲಿ, ಇದೆಲ್ಲ ಮಾಡುವ ಮೊದಲು 35 ಡಿಗ್ರಿ ತೋರಿಸಿದ್ದ ಮೀಟರ್ ಮಾಡಿದ ಮೇಲೆ 32 ತೋರಿಸಿತು.

ಎರಡನೇ ಮಳೆಗಾಲ

ಮತ್ತೆ ಪುಷ್ಯ ಮಳೆಗೆ ಹೋಗಿ ಅದೇ ಮೂರು ಮೀಟರ್ ಅದೇ ಜಾಗದಲ್ಲಿ ಇಟ್ಟೆ. ಹಾಲ್‌ನಲ್ಲಿ 74, ವಾರ್ಡ್‌ರೋಬಿನ ಒಳಗೆ 66ರಿಂದ 70. ಇದರಲ್ಲಿ ತೇವ ಹೀರುವ ಯಂತ್ರದ ಪಾಲೂ ಇದೆ. ದಿನಕ್ಕೆ ಮೂರು ಗಂಟೆ, ಕಿಟಕಿ ಮುಚ್ಚಿಕೊಂಡು ಅಟ್ಟದಲ್ಲಿ ಓಡಿಸುತ್ತಾರೆ, ಎರಡೂವರೆ ಲೀಟರ್ ನೀರು ತುಂಬುತ್ತದೆ. ಮಗುವಿಗೆ ಆ ನೀರು ಚೆಲ್ಲುವ ಕೆಲಸ ಅಂದರೆ ಬಹಳ ಇಷ್ಟ. ಕರ್ಪೂರ, ಬೇವಿನ ಸೊಪ್ಪು ಇಡುವವರು ಇಡಲಿ, ವಾಸನೆ ಚೆನ್ನಾಗಿರುತ್ತದೆ, ಆದರೆ ಅವು ತೇವ ತೆಗೆಯುವುದಿಲ್ಲ.

ಸೀರೆಗಳು ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ ಕೂತಿವೆ, ಒಂದಕ್ಕೂ ಚುಕ್ಕೆ ಬಂದಿಲ್ಲ. ಖರ್ಚು ಒಟ್ಟು ಐದು ಲಕ್ಷ ಇಪ್ಪತ್ತು ಸಾವಿರ ಆಯಿತು, ಅದರಲ್ಲಿ ಮೆಟ್ಟಿಲು ಮತ್ತು ಗೋಡೆಗೇ ಅರ್ಧಕ್ಕಿಂತ ಜಾಸ್ತಿ. ಮೊದಲೇ ಇದನ್ನೆಲ್ಲ ನೋಡಿ ಮಾಡಿದ್ದರೆ ಈ ದುಡ್ಡಿನ ಹೆಚ್ಚಿನ ಪಾಲು ಉಳಿಯುತ್ತಿತ್ತು. ತಮ್ಮನಿಗೆ ಅದರ ಬೇಸರ ಇನ್ನೂ ಇದೆ, ನನಗೂ ಇದೆ.

ಒಂದು ಕಡೆ ಮಾತ್ರ ಸೋತಿದ್ದೇವೆ. ಬಾಗಿಲ ಪಕ್ಕದ ಚಪ್ಪಲಿ ಗೂಡಿನಲ್ಲಿ ಈ ಸಲವೂ ಬೂಷ್ಟು ಬಂತು. ಒದ್ದೆ ಚಪ್ಪಲಿ, ಒದ್ದೆ ಕೊಡೆ ಎರಡೂ ಅದರೊಳಗೇ ಹೋಗುತ್ತಿದ್ದವು, ನಾನು ಅದಕ್ಕೆ ಮುಚ್ಚಿದ ಬಾಗಿಲು ಹಾಕಿಸಿದ್ದೆ. ಬಾಗಿಲು ತೆಗೆದು ಬರೀ ಪಟ್ಟಿಗಳ ಗೂಡು ಮಾಡಿ, ಕೆಳಗೆ ನೀರು ಇಳಿಯೋಕೆ ಸ್ಟೀಲ್ ತಟ್ಟೆ ಇಡಬೇಕು, ಕೊಡೆಗೆ ಹೊರಗೆ ಒಂದು ಕೊಕ್ಕೆ. ಪತ್ತಾಯದ ಒಂದು ತುಂಡು ಹಲಗೆ ಉಳಿದಿದೆ, ಅದು ಸಾಕಂತೆ. ಆಚಾರ್ರು ಸೋಮವಾರ ಬರುತ್ತಾರೆ.